ಹೂವಿಲ್ಲದ ಹನ್ನೊಂದು ವರ್ಷ: ನೀಲಕುರಿಂಜಿ ಮತ್ತು ಅದರ ನೆಲ



ನಿಸರ್ಗಕ್ಕೆ ಸಂಬಂಧಿಸಿದ ಒಂದು ವಿಷಯವನ್ನು, ಆ ವಿಷಯ ಓದದವರಿಗೂ ತಿಳಿಯುವ ಹಾಗೆ, ಕನ್ನಡದಲ್ಲಿ ಹೇಳಬೇಕು ಎನ್ನುವುದು ಈ ದತ್ತಿ ಉಪನ್ಯಾಸದ ಷರತ್ತು. ಸಂಘಟಕರು ವಿಷಯದ ಆಯ್ಕೆಯನ್ನು ನನಗೇ ಬಿಟ್ಟರು. ನಾನು ಒಂದು ಗಿಡವನ್ನು ಆರಿಸಿಕೊಂಡೆ: ನೀಲಕುರಿಂಜಿ. ನಮ್ಮ ಮಲೆನಾಡಿನಲ್ಲಿ ಇದನ್ನೂ ಇದರ ದಾಯಾದಿಗಳನ್ನೂ ಒಟ್ಟಾಗಿ ಗುರಿಗೆ ಎನ್ನುವುದುಂಟು.

ಇದು ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಹೂ ಎಂದು ನೀವೆಲ್ಲ ಕೇಳಿದ್ದೀರಿ. ಅರಳಿದ ವರ್ಷ ಪತ್ರಿಕೆಗಳ ಮುಖಪುಟದಲ್ಲಿ ಅದರ ಚಿತ್ರ ಬರುತ್ತದೆ, ಬೆಟ್ಟದ ರಸ್ತೆಯಲ್ಲಿ ಕಾರುಗಳ ಸಾಲು ನಿಲ್ಲುತ್ತದೆ. ಮರುವರ್ಷ ಎಲ್ಲರೂ ಮರೆಯುತ್ತಾರೆ. ನನ್ನ ಆಸಕ್ತಿ ಮರೆತ ಆ ಹನ್ನೊಂದು ವರ್ಷಗಳಲ್ಲಿದೆ. ಹೂವಿಲ್ಲದಾಗ ಈ ಗಿಡ ಎಲ್ಲಿರುತ್ತದೆ, ಏನು ಮಾಡುತ್ತಿರುತ್ತದೆ, ಅದು ಬೇರೂರಿದ ನೆಲವನ್ನು ನಾವು ಏನೆಂದು ಕರೆದೆವು, ಆ ನೆಲಕ್ಕೆ ಏನು ಮಾಡಿದೆವು? ಮೊದಲು ಗಿಡದ ಬಾಳು, ಆಮೇಲೆ ಅದರ ನೆಲ, ಅನಂತರ ಆ ನೆಲದ ಜನ, ಕೊನೆಗೆ ಕಾನೂನು ಮತ್ತು ಜನಜಂಗುಳಿ. ಈ ಕ್ರಮದಲ್ಲಿ ಮಾತಾಡುತ್ತೇನೆ. ಎರಡನೆಯ ಭಾಗ ಕೊಂಚ ಉದ್ದವಾದೀತು. ಅದು ಬೇಕೆಂದೇ ಮಾಡಿದ್ದು. ಔಷಧಿ ಗುಣಗಳ ಬಗ್ಗೆ ಹೇಳಲು ನನ್ನಲ್ಲಿ ಏನೂ ಇಲ್ಲ, ದಯವಿಟ್ಟು ನಿರೀಕ್ಷಿಸಬೇಡಿ.

ಮೊದಲು ಗಿಡ.

ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸ್ಟ್ರೊಬಿಲಾಂಥಸ್ ಕುಂತಿಯಾನ. ಅಕ್ಯಾಂಥೇಸಿ ಎಂಬ ಕುಟುಂಬಕ್ಕೆ ಸೇರಿದ್ದು. ಆ ಕುಟುಂಬ ನಿಮಗೆ ಅಪರಿಚಿತವಲ್ಲ. ಹೆಣ್ಣುಮಕ್ಕಳು ಮುಡಿಯುವ ಕನಕಾಂಬರ, ಕೆಮ್ಮಿಗೆ ಕಷಾಯ ಮಾಡುವ ಆಡುಸೋಗೆ, ಬೇಲಿಯ ಗೋರಂಟೆ, ಬಾಯಿಗಿಟ್ಟರೆ ಮುಖ ಸಿಂಡರಿಸುವ ನೆಲಬೇವು, ಎಲ್ಲ ಇದರ ಬಂಧುಗಳೇ. ತೆರೆದ ಗುಡ್ಡದ ಮೇಲೆ ಗಾಳಿಗೆ ಮೈಯೊಡ್ಡಿ ನಿಂತ ಕುರಿಂಜಿ ಸಾಮಾನ್ಯವಾಗಿ ಒಂದೆರಡು ಅಡಿಗಿಂತ ಮೇಲೇಳುವುದಿಲ್ಲ; ಮರೆ ಸಿಕ್ಕ ಕಡೆ ಆಳೆತ್ತರಕ್ಕೂ ಹೋಗಬಹುದು. ಸಮುದ್ರಮಟ್ಟದಿಂದ ಸುಮಾರು 1,300 ಮೀಟರಿನಿಂದ 2,400 ಮೀಟರ್ ಎತ್ತರದವರೆಗಿನ ಇಳಿಜಾರುಗಳು ಇದರ ಸೀಮೆ. ಹೂವಿಗೆ ಗಂಟೆಯ ಆಕಾರ. ಬಿರಿದಾಗ ತಿಳಿನೀಲಿ, ಹಳತಾದಂತೆ ನೇರಳೆಯ ಕಡೆಗೆ ವಾಲುತ್ತದೆ. ಕ್ಯಾಲೆಂಡರುಗಳಲ್ಲಿ ಕಾಣುವ ಗಾಢ ನೀಲಿ ಬಹುಮಟ್ಟಿಗೆ ಮುದ್ರಕರ ಕೊಡುಗೆ. ಪರಿಮಳ ಇಲ್ಲ. ಒಂದೇ ಹೂವನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಇದಕ್ಕಾಗಿ ಇಷ್ಟು ದೂರ ಬರಬೇಕಿತ್ತೇ ಅನ್ನಿಸಿದರೆ ತಪ್ಪಲ್ಲ. ಇದರ ಚೆಲುವು ಒಂದು ಹೂವಿನಲ್ಲಿಲ್ಲ, ಒಂದು ಬೆಟ್ಟದ ಮೈಯಲ್ಲಿದೆ.

ಈ ಗಿಡ ಬಾಳಿನಲ್ಲಿ ಒಮ್ಮೆ ಮಾತ್ರ ಹೂ ಬಿಡುತ್ತದೆ. ಹೂ ಬಿಟ್ಟು, ಕಾಯಾಗಿ, ಬೀಜ ಉದುರಿಸಿ ಸಾಯುತ್ತದೆ. ಹಾಗಾಗಿ ‘ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಗಿಡ’ ಎನ್ನುವ ಮಾತು ಕೊಂಚ ದಾರಿ ತಪ್ಪಿಸುತ್ತದೆ. 2006ರಲ್ಲಿ ಅರಳಿದ ಗಿಡ 2018ರಲ್ಲಿ ಮತ್ತೆ ಅರಳಲಿಲ್ಲ. 2018ರಲ್ಲಿ ಅರಳಿದ್ದು ಅದರ ಮಕ್ಕಳು. ಹೂ ಬಿಟ್ಟ ಮೇಲೆ ಸಾಯುವ ಗಿಡ ನಮಗೆ ಹೊಸದಲ್ಲ. ಭತ್ತ, ರಾಗಿ, ಬಾಳೆಯ ಗೊನೆ ಬಿಟ್ಟ ಕಂಬ, ಎಲ್ಲದರದೂ ಅದೇ ಕತೆ. ಅಚ್ಚರಿ ಇರುವುದು ಒಂದು ಇಡೀ ಬೆಟ್ಟಸಾಲಿನ ಲಕ್ಷಾಂತರ ಗಿಡಗಳು ಒಂದೇ ವರ್ಷ, ಒಂದೇ ಮಳೆಗಾಲದ ಕೊನೆಯಲ್ಲಿ, ಒಟ್ಟಿಗೆ ಅದನ್ನು ಮಾಡುತ್ತವೆ ಎನ್ನುವುದರಲ್ಲಿ.

ಇದಕ್ಕೆ ದಾಖಲೆ ಇದೆ. ಪಳನಿ, ಮೂನಾರ್ ಸುತ್ತಿನ ಎತ್ತರದ ಬೆಟ್ಟಗಳ ಸಾಮೂಹಿಕ ಹೂಬಿಡುವಿಕೆಯ ಪಟ್ಟಿ 1838ರಿಂದ ಶುರುವಾಗುತ್ತದೆ. 1850, 1862, 1874 ಎಂದು ಹನ್ನೆರಡರ ಹೆಜ್ಜೆಯಲ್ಲಿ ಅದು ನಡೆದು 1982, 1994, 2006, 2018ಕ್ಕೆ ಬಂದು ನಿಲ್ಲುತ್ತದೆ. ನೂರ ಎಂಬತ್ತು ವರ್ಷಗಳಲ್ಲಿ ಹದಿನಾರು ಹೂಕಾಲ. ಶ್ರವಣಬೆಳಗೊಳದಲ್ಲಿ ಬಾಹುಬಲಿಗೆ ಮಹಾಮಸ್ತಕಾಭಿಷೇಕ ನಡೆದದ್ದು ಕೂಡ 2006 ಮತ್ತು 2018ರಲ್ಲೇ. ಇದು ಕೇವಲ ಕಾಕತಾಳೀಯ. ಅಲ್ಲಿ ಲೆಕ್ಕ ಇಟ್ಟುಕೊಳ್ಳುವ ಮಠವಿದೆ, ಪಂಚಾಂಗವಿದೆ, ತಿಂಗಳುಗಟ್ಟಲೆ ತಯಾರಿ ಮಾಡುವ ಸರ್ಕಾರವಿದೆ. ಗುಡ್ಡದ ಮೇಲಿನ ಗಿಡಕ್ಕೆ ಇದ್ಯಾವುದೂ ಇಲ್ಲ. ಅದು ವರ್ಷಗಳನ್ನು ಹೇಗೆ ಎಣಿಸುತ್ತದೆ ಎಂಬುದಕ್ಕೆ ವಿಜ್ಞಾನ ಇನ್ನೂ ಒಪ್ಪಿತವಾದ ಉತ್ತರ ಕೊಟ್ಟಿಲ್ಲ.

ಹೇಗೆ ಎಂಬುದಕ್ಕಿಂತ ಏಕೆ ಎಂಬುದಕ್ಕೆ ಒಳ್ಳೆಯ ವಿವರಣೆ ಇದೆ. ಅಮೆರಿಕದ ಪರಿಸರ ವಿಜ್ಞಾನಿ ಡೇನಿಯಲ್ ಜಾನ್ಸೆನ್ 1976ರಲ್ಲಿ ಬಿದಿರಿನ ಬಗ್ಗೆ ಒಂದು ಪ್ರಬಂಧ ಬರೆದರು. ಬಿದಿರು ಹೂ ಬಿಡಲು ಅಷ್ಟು ವರ್ಷ ಏಕೆ ಕಾಯುತ್ತದೆ ಎಂಬುದು ಅವರ ಪ್ರಶ್ನೆ. ಪ್ರತಿವರ್ಷ ಸ್ವಲ್ಪ ಸ್ವಲ್ಪ ಬೀಜ ಬಿಟ್ಟರೆ ಬೀಜ ತಿನ್ನುವ ಪ್ರಾಣಿಗಳು ಅದನ್ನೇ ನೆಚ್ಚಿ ಬೆಳೆದು, ಕೊನೆಯ ಕಾಳನ್ನೂ ಹೆಕ್ಕಿಬಿಡುತ್ತವೆ. ಹಲವು ವರ್ಷ ಏನನ್ನೂ ಕೊಡದೆ ಉಪವಾಸ ಕೆಡವಿ, ಒಮ್ಮೆಗೇ ಎಲ್ಲರೂ ಕೂಡಿ ಸುರಿದುಬಿಟ್ಟರೆ? ಊರಿಗೆ ಊರೇ ಉಂಡೆದ್ದರೂ ಹಂಡೆಯಲ್ಲಿ ಅನ್ನ ಉಳಿಯುವ ಹಾಗೆ, ಇಲಿ, ಹಕ್ಕಿ, ಹುಳು ಎಲ್ಲವೂ ಹೊಟ್ಟೆ ಬಿರಿಯೆ ತಿಂದ ಮೇಲೂ ಬೀಜ ನೆಲದಲ್ಲಿ ಉಳಿಯುತ್ತದೆ. ಗುಂಪಿಗಿಂತ ಒಂದು ವರ್ಷ ಮುಂಚೆ ಅಥವಾ ತಡವಾಗಿ ಅರಳಿದ ಗಿಡದ ಬೀಜವೆಲ್ಲ ತಿಂದು ಮುಗಿಯುತ್ತದೆ. ಅದರ ವಂಶ ಅಲ್ಲಿಗೇ ನಿಲ್ಲುತ್ತದೆ. ಹೀಗೆ ಕಾಲ ತಪ್ಪಿದವುಗಳನ್ನು ಸೋಸಿ ಸೋಸಿ ತೆಗೆದು ಈ ಶಿಸ್ತು ಬಂದಿದೆ ಎಂಬುದು ಅವರ ವಾದ.

ಬಿದಿರು ಹೂ ಬಿಟ್ಟರೆ ಬರ ಎಂದು ನಮ್ಮ ಹಳ್ಳಿಗಳಲ್ಲಿ ಹೇಳುವ ಮಾತಿನ ಹಿಂದೆ ಇದೇ ಲೆಕ್ಕ ಇದೆ. ಬಿದಿರಕ್ಕಿ ತಿಂದು ಇಲಿಗಳ ಸಂತತಿ ಹೆಚ್ಚುತ್ತದೆ; ಬಿದಿರಕ್ಕಿ ಮುಗಿದ ಮೇಲೆ ಅವು ಹೊಲಕ್ಕೂ ಕಣಜಕ್ಕೂ ನುಗ್ಗುತ್ತವೆ. ಮಿಜೋರಾಮಿನಲ್ಲಿ ಸುಮಾರು 48 ವರ್ಷಕ್ಕೊಮ್ಮೆ ಅರಳುವ ಬಿದಿರಿನಿಂದ 1959ರ ಸುಮಾರಿಗೆ ಬಂದ ಕ್ಷಾಮ ಅಲ್ಲಿನ ರಾಜಕೀಯವನ್ನೇ ಬದಲಿಸಿತು. ಕುರಿಂಜಿಯ ಬೀಜ ಸಣ್ಣದು, ಅಂಥ ಅನಾಹುತ ಮಾಡದು. ಆದರೆ ಗುರಿಗೆ ಜಾತಿಯ ಗಿಡಗಳು ಬೀಜ ಬಿಟ್ಟ ಕಡೆ ಕಾಡುಕೋಳಿಗಳು ಗುಂಪುಗೂಡುವುದನ್ನು ಹಕ್ಕಿ ನೋಡುವವರು ಹಿಂದಿನಿಂದಲೂ ಬರೆದಿಟ್ಟಿದ್ದಾರೆ. ಇದೇ ಬಗೆಯಲ್ಲಿ ಅಮೆರಿಕದ ಕೆಲವು ಜೀರುಂಡೆಗಳು 13 ಮತ್ತು 17 ವರ್ಷಕ್ಕೊಮ್ಮೆ ಮೇಲೇಳುವುದನ್ನು ಹೇಳಿ, ಅವಿಭಾಜ್ಯ ಸಂಖ್ಯೆಗಳ ಗಣಿತವನ್ನು ಎಲ್ಲದಕ್ಕೂ ಅಂಟಿಸುವವರಿದ್ದಾರೆ. ಹನ್ನೆರಡನ್ನು ಎರಡು, ಮೂರು, ನಾಲ್ಕು, ಆರರಿಂದ ಭಾಗಿಸಬಹುದು. ನಮ್ಮ ಗುಡ್ಡದ ಗಿಡಕ್ಕೆ ಆ ಗಣಿತದ ಹಂಗಿಲ್ಲ.

ಅರಳಿದ ಮೇಲಿನ ಕೆಲಸ ಜೇನುನೊಣದ್ದು. ಮುಖ್ಯವಾಗಿ ತುಡುವೆ. ಹೂವು ಕಾಯಾದ ಮೇಲೆ ಬೀಜ ಹರಡುವ ಬಗೆಯನ್ನು ನೀವೆಲ್ಲ ಚಿಕ್ಕಂದಿನಲ್ಲಿ ಆಟವಾಗಿ ನೋಡಿದ್ದೀರಿ. ರಸ್ತೆಬದಿಯ ಒಂದು ನೇರಳೆ ಹೂವಿನ ಗಿಡದ ಒಣಗಿದ ಕಾಯನ್ನು ನೀರಿಗೆ ಹಾಕಿದರೆ ಚಟ್ಟೆಂದು ಸಿಡಿಯುತ್ತದಲ್ಲ, ಅದೂ ಇದೇ ಕುಟುಂಬದ್ದು. ಈ ಕುಟುಂಬದ ಕಾಯಿಯೊಳಗೆ ಪ್ರತಿ ಬೀಜದ ಕೆಳಗೂ ಒಂದು ಗಟ್ಟಿ ಕೊಕ್ಕೆ ಇರುತ್ತದೆ. ಕಾಯಿ ಬಿರಿದಾಗ ಆ ಕೊಕ್ಕೆ ಬೀಜವನ್ನು ಚಿಮ್ಮುತ್ತದೆ. ಚಿಮ್ಮಿದರೆ ಎಷ್ಟು ದೂರ? ಕೆಲವು ಅಡಿ. ಗಾಳಿಯಲ್ಲಿ ತೇಲುವ ಎಕ್ಕದ ಬೀಜದ ಹಾಗೆ ಇದು ಇನ್ನೊಂದು ಬೆಟ್ಟಕ್ಕೆ ಹೋಗಲಾರದು. ತಾಯಿ ಸತ್ತ ಜಾಗದಲ್ಲೇ ಮಗು ಹುಟ್ಟಬೇಕು. ಈ ಒಂದು ಸಂಗತಿ ಮುಂದೆ ನಮಗೆ ಬಹಳ ಬೇಕಾಗುತ್ತದೆ, ದಯವಿಟ್ಟು ನೆನಪಿಡಿ.

ಗಿಡದ ಭಾಗ ಮುಗಿಸುವ ಮೊದಲು ಒಂದು ಗೊಂದಲ ಬಿಡಿಸಬೇಕು. 2018ರಲ್ಲಿ ಅರಳಿತು ಎನ್ನುತ್ತೀರಿ, ಮತ್ತೆ 2021ರಲ್ಲಿ ಕೊಡಗಿನ ಮಾಂದಲಪಟ್ಟಿಯಲ್ಲಿ, 2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಗಳಲ್ಲಿ ಅರಳಿದ್ದು ಏನು ಎಂದು ನೀವು ಕೇಳಬಹುದು. ಏಷ್ಯಾದಲ್ಲಿ ಸ್ಟ್ರೊಬಿಲಾಂಥಸ್ ಕುಲದ ಮುನ್ನೂರೈವತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ಪಶ್ಚಿಮಘಟ್ಟ ಅವುಗಳ ಒಂದು ದೊಡ್ಡ ತವರು. ಒಂದೊಂದರ ಲೆಕ್ಕ ಒಂದೊಂದು. ಕೆಲವು ಪ್ರತಿವರ್ಷ ಅರಳುತ್ತವೆ. ಮಹಾರಾಷ್ಟ್ರದ ಸಹ್ಯಾದ್ರಿಯ ಕಾರ್ವಿ ಏಳೆಂಟು ವರ್ಷಕ್ಕೊಮ್ಮೆ ಅರಳುತ್ತದೆ. ಅಲ್ಲಿನ ಜನ ಅದರ ಒಣಗಿದ ಕಡ್ಡಿಗಳನ್ನು ಹೆಣೆದು, ಮಣ್ಣು ಮೆತ್ತಿ ಗುಡಿಸಲಿಗೆ ಗೋಡೆ ಮಾಡುತ್ತಾರೆ. ಒಂದೇ ಪ್ರಭೇದದಲ್ಲೂ ಒಂದು ಬೆಟ್ಟದ ಗುಂಪು ಒಂದು ವರ್ಷ, ಇನ್ನೊಂದು ಬೆಟ್ಟದ ಗುಂಪು ಮತ್ತೊಂದು ವರ್ಷ ಅರಳುವುದುಂಟು. ಕೇರಳದ ಇಡುಕ್ಕಿ ಜಿಲ್ಲೆಯೊಳಗೇ 2018ರಲ್ಲಿ ಇರವಿಕುಳಂ, 2022ರಲ್ಲಿ ಶಾಂತನ್‌ಪಾರಾದ ಹತ್ತಿರದ ಕಳ್ಳಿಪ್ಪಾರ ಅರಳಿದವು. ನಮ್ಮ ಪತ್ರಿಕೆಗಳು ಗುಡ್ಡದ ಮೇಲೆ ನೀಲಿ ಕಂಡರೆ ಸಾಕು, ನೀಲಕುರಿಂಜಿ ಎಂದು ಶೀರ್ಷಿಕೆ ಕೊಟ್ಟುಬಿಡುತ್ತವೆ. ಎಲೆಗೆ ತೊಟ್ಟಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿದರೆ ಎಷ್ಟೋ ಸಲ ಅದು ಬೇರೆಯದೇ ಗುರಿಗೆ ಆಗಿರುತ್ತದೆ. ಅದರಿಂದ ಅದರ ಬೆಲೆ ಕಡಿಮೆಯಾಗುವುದಿಲ್ಲ. ಲೆಕ್ಕ ಮಾತ್ರ ತಪ್ಪುತ್ತದೆ.

ಈಗ ಎರಡನೆಯ ವಿಷಯಕ್ಕೆ, ನೆಲಕ್ಕೆ ಬರುತ್ತೇನೆ.

ಕುದುರೆಮುಖವನ್ನೋ ಮುಳ್ಳಯ್ಯನಗಿರಿಯನ್ನೋ ಹತ್ತಿದವರು ಒಂದು ಚಿತ್ರ ನೆನಪಿಸಿಕೊಳ್ಳಿ. ಬೆಟ್ಟದ ನೆತ್ತಿ ಮತ್ತು ಹೆಗಲೆಲ್ಲ ಬರೀ ಹುಲ್ಲು. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಮಾತ್ರ ಕಪ್ಪುಹಸಿರಿನ ದಟ್ಟ ಕಾಡು. ಅದರ ಅಂಚು ಕತ್ತರಿಸಿದಂತೆ ಸ್ಪಷ್ಟ. ಈ ಕಣಿವೆಕಾಡಿಗೆ ಶೋಲಾ ಎನ್ನುತ್ತೇವೆ. ನೀಲಗಿರಿ, ಆನೆಮಲೆ, ಪಳನಿ ಬೆಟ್ಟಗಳ ಮೇಲ್ಮೈಯಲ್ಲೂ ಇದೇ ವಿನ್ಯಾಸ. ಕುರಿಂಜಿ ಬೆಳೆಯುವುದು ಆ ಕಾಡಿನೊಳಗಲ್ಲ, ಹುಲ್ಲಿನ ನಡುವೆ. ಹುಲ್ಲು ಹೋದರೆ ಅದೂ ಹೋಯಿತು.

ಈ ಹುಲ್ಲುಗಾವಲನ್ನು ಬ್ರಿಟಿಷ್ ಕಂದಾಯ ವ್ಯವಸ್ಥೆ ಬಂಜರು ಎಂದು ಬರೆದುಕೊಂಡಿತು. ಮರವಿಲ್ಲದ ನೆಲ ಎಂದರೆ ಯಾರೋ ಮರ ಕಡಿದ ನೆಲ, ಸುಟ್ಟ ನೆಲ ಎಂಬುದು ಅವರ ಗ್ರಹಿಕೆ. ಸ್ವಾತಂತ್ರ್ಯ ಬಂದ ಮೇಲೂ ನಮ್ಮ ಅರಣ್ಯ ಇಲಾಖೆಗಳು ಅದೇ ಗ್ರಹಿಕೆಯನ್ನು ಚಾಚೂ ತಪ್ಪದೆ ಪಾಲಿಸಿದವು. ನಾನು ಇದನ್ನು ದೂರಾಗಿ ಹೇಳುತ್ತಿಲ್ಲ. ಮರ ನೆಡುವುದು ಪುಣ್ಯ ಎಂದು ಶಾಲೆಯಲ್ಲಿ ಕಲಿತ ನಮಗೆಲ್ಲ ಹುಲ್ಲು ಎಂದರೆ ಖಾಲಿ ಜಾಗವೇ. ಅಶೋಕನು ಸಾಲುಮರ ನೆಡಿಸಿದನು ಎಂದು ಓದಿದ್ದೇವೆ; ಹುಲ್ಲನ್ನು ಉಳಿಸಿದ ರಾಜನ ಹೆಸರು ಯಾವ ಪಾಠದಲ್ಲೂ ಇರಲಿಲ್ಲ.

ಈ ಹುಲ್ಲು ಎಷ್ಟು ಹಳೆಯದು? ಇದಕ್ಕೆ ಎರಡು ಸಾಕ್ಷ್ಯಗಳನ್ನು ನಿಮ್ಮ ಮುಂದಿಡುತ್ತೇನೆ. ಒಂದು ನಮ್ಮ ಶಾಸನದ್ದು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ನೀಲಾದ್ರಿಯನ್ನು, ಎಂದರೆ ನೀಲಗಿರಿಯನ್ನು, ಗೆದ್ದ, ಅಲ್ಲಿನ ತೋದವರನ್ನು ಬೆದರಿಸಿದ ಎಂದು ಚಾಮರಾಜನಗರದ 1117ರ ಶಾಸನ ಹೇಳುತ್ತದೆ. ತೋದವರು ಎಮ್ಮೆ ಸಾಕುವ ಜನ. ಎಮ್ಮೆ ಮೇಯಬೇಕಾದರೆ ಹುಲ್ಲು ಬೇಕು. ಅಂದಮೇಲೆ ಒಂಬೈನೂರು ವರ್ಷಗಳ ಹಿಂದೆಯೇ ಆ ಬೆಟ್ಟದ ಮೇಲೆ ಹುಲ್ಲುಗಾವಲು ಇತ್ತು ಎಂದು ಊಹಿಸಬಹುದು. ಆದರೆ ಆ ತೋದವರೇ ಕಾಡು ಸುಟ್ಟು ಹುಲ್ಲು ಮಾಡಿಕೊಂಡಿರಬಹುದಲ್ಲ ಎಂದು ವಾದಿಸುವವರು ಇದ್ದರು. ಆ ವಾದಕ್ಕೆ ಉತ್ತರ ಕೊಟ್ಟದ್ದು ಎರಡನೆಯ ಸಾಕ್ಷ್ಯ.

ನೀಲಗಿರಿಯ ಜೌಗು ತಗ್ಗುಗಳಲ್ಲಿ ಸತ್ತ ಗಿಡಗಂಟಿ ಪೂರ್ತಿ ಕೊಳೆಯದೆ ಪದರ ಪದರವಾಗಿ ಸಾವಿರಾರು ವರ್ಷ ಕೂಡಿಕೊಂಡಿದೆ. ಇದನ್ನು ಪೀಟ್ ಎನ್ನುತ್ತಾರೆ. ಮರಗಳು ಗಾಳಿಯ ಇಂಗಾಲವನ್ನು ಹಿಡಿಯುವ ರೀತಿ ಒಂದು; ಬಿಸಿಲುನಾಡಿನ ಬಹುಪಾಲು ಹುಲ್ಲುಗಳ ರೀತಿ ಇನ್ನೊಂದು. ಹಾಗಾಗಿ ಇಂಗಾಲದ ಭಾರವಾದ ಮತ್ತು ಹಗುರವಾದ ಪರಮಾಣುಗಳ ಪ್ರಮಾಣ ಎರಡರ ಮೈಯಲ್ಲೂ ಬೇರೆ ಬೇರೆ. ಸತ್ತು ಮಣ್ಣಾದ ಮೇಲೂ ಆ ಗುರುತು ಅಳಿಯುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಅವರ ಸಂಗಡಿಗರು ಈ ಪೀಟನ್ನು ಪದರ ಪದರವಾಗಿ ಪರೀಕ್ಷಿಸಿ 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ, ಹಿಮಯುಗದ ಒಣ ಕಾಲದಲ್ಲಿ, ಆ ಬೆಟ್ಟಗಳಲ್ಲಿ ಇಂಥ ಹುಲ್ಲೇ ಮೇಲುಗೈಯಾಗಿತ್ತು. ಮುಂದೆ ಮಳೆ ಹೆಚ್ಚಿದ ಕಾಲದಲ್ಲಿ ಅದು ಹಿಂದೆ ಸರಿದು, ಒಣಗಾಲ ಬಂದಾಗ ಮತ್ತೆ ಹರಡಿತು ಎಂಬುದು ಅವರ ಶೋಧ. ಆ ಕಾಲಕ್ಕೆ ದನವೂ ಇರಲಿಲ್ಲ, ದನಗಾಹಿಯೂ ಇರಲಿಲ್ಲ. ಹುಲ್ಲು ಕಾಡಿನ ಹೆಣವಲ್ಲ, ತನ್ನ ಹಕ್ಕಿನಲ್ಲಿ ತಾನಿರುವ ಪ್ರಾಚೀನ ನೆಲ ಎಂಬುದು ಇಲ್ಲಿಗೆ ಸ್ಪಷ್ಟವಾಯಿತು. ನಮ್ಮ ರಾಜ್ಯದ ಸಂಸ್ಥೆಯೊಂದರ ವಿಜ್ಞಾನಿ ತಮ್ಮ ಸಂಗಡಿಗರೊಂದಿಗೆ ಕೊಟ್ಟ ಈ ತಿಳಿವಳಿಕೆ ನಮ್ಮ ಪಠ್ಯಪುಸ್ತಕಗಳಿಗೆ ಸರಿಯಾಗಿ ಇಳಿದಿಲ್ಲ ಎಂಬುದು ನನ್ನ ಕೊರಗು.

ಹಾಗಾದರೆ ಇಷ್ಟು ಮಳೆ ಬೀಳುವ ಕಡೆ ಶೋಲಾದ ಮರಗಳು ಹುಲ್ಲಿನೊಳಕ್ಕೆ ಏಕೆ ಹಬ್ಬುವುದಿಲ್ಲ? ಬೆಂಕಿ, ಮೇವು, ಗಾಳಿ ಎಲ್ಲಕ್ಕೂ ಪಾಲಿದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಕಾರಣಕ್ಕೆ ಒತ್ತು ಕೊಡುತ್ತದೆ: ಚಳಿಗಾಲದ ರಾತ್ರಿಯ ಹಿಮ. ಕಾಡಿನ ನೆರಳಿನಲ್ಲಿ ನೆಲದ ಬಿಸಿ ಉಳಿಯುತ್ತದೆ. ತೆರೆದ ಹುಲ್ಲುಗಾವಲಿನಲ್ಲಿ ನೆಲ ಬೇಗ ತಣಿದು ಮಂಜು ಗಡ್ಡೆಗಟ್ಟುತ್ತದೆ. ಶೋಲಾದ ಎಳೆಯ ಸಸಿ ಅದನ್ನು ತಾಳದೆ ಸಾಯುತ್ತದೆ. ಹೊರಗಿನಿಂದ ಬಂದ ವಾಟಲ್ ಎಂಬ ಅಕೇಶಿಯಾ ಸಸಿ ಸಾಯುವುದಿಲ್ಲ. ತೊಡಕು ಅಲ್ಲೇ ಇರುವುದು.

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಆಸ್ಟ್ರೇಲಿಯಾದಿಂದ ವಾಟಲ್ ಮತ್ತು ನೀಲಗಿರಿ ಮರಗಳು ಊಟಿಗೆ ಬಂದವು. ಮೊದಮೊದಲು ಬೇಕಾಗಿದ್ದು ಚಳಿಗೆ ಸೌದೆ. ಇಪ್ಪತ್ತನೆಯ ಶತಮಾನದಲ್ಲಿ ವಾಟಲ್ ತೊಗಟೆ ಚರ್ಮ ಹದ ಮಾಡುವುದಕ್ಕೆ, ನೀಲಗಿರಿ ಮರ ರೇಯಾನ್ ನೂಲಿನ ತಿರುಳಿಗೆ ಬೇಕಾಯಿತು. ಹುಲ್ಲುಗಾವಲುಗಳು ಒಂದೊಂದಾಗಿ ನೆಡುತೋಪುಗಳಾದವು. ಪೈನ್ ಕೂಡ ಸೇರಿಕೊಂಡಿತು. ಆ ಮೊದಲೇ ಚಹಾ ತೋಟಗಳು ತಮ್ಮ ಪಾಲು ಪಡೆದಿದ್ದವು. ಕೊಡೈಕೆನಾಲ್ ಇರುವ ಪಳನಿ ಬೆಟ್ಟಗಳ ಉಪಗ್ರಹ ಚಿತ್ರಗಳನ್ನು ಹೋಲಿಸಿದ 2018ರ ಒಂದು ಅಧ್ಯಯನದ ಪ್ರಕಾರ, ನಾಲ್ಕು ದಶಕಗಳಲ್ಲಿ ಅಲ್ಲಿನ ಹುಲ್ಲುಗಾವಲಿನ ಮೂರನೆಯ ಎರಡು ಭಾಗ ಹೋಗಿದೆ. ನಮ್ಮಲ್ಲೂ ಮಲೆನಾಡಿನ ಗೋಮಾಳಗಳಲ್ಲೂ ಗುಡ್ಡಗಳಲ್ಲೂ ಅಕೇಶಿಯಾ ನೆಟ್ಟ ಕತೆ ನಿಮಗೆ ಗೊತ್ತೇ ಇದೆ, ಬಿಡಿಸಿ ಹೇಳುವುದಿಲ್ಲ.

ಈಗ ನಾನು ನೆನಪಿಡಿ ಎಂದ ಸಂಗತಿಗೆ ಬರೋಣ. ಕುರಿಂಜಿಯ ಬೀಜ ದೂರ ಹೋಗದು. ಹೂ ಬಿಟ್ಟ ಮರುವರ್ಷ ಬೆಟ್ಟದ ಮೇಲೆ ಬದುಕಿರುವ ದೊಡ್ಡ ಗಿಡ ಒಂದೂ ಇರುವುದಿಲ್ಲ. ಇಡೀ ಸಸ್ಯಸಮೂಹ ಎಂದರೆ ಮಣ್ಣಿನಲ್ಲಿರುವ ಬೀಜ ಮತ್ತು ಬೆರಳುದ್ದದ ಸಸಿ. ಆ ಸಮಯದಲ್ಲಿ ಸರ್ವೆ ಮಾಡಲು ಹೋದ ಅಧಿಕಾರಿಗೆ ಅಲ್ಲಿ ಕಾಣುವುದು ಒಣಕಡ್ಡಿ. ‘ಇಲ್ಲಿ ಏನೂ ಇಲ್ಲ’ ಎಂದು ಬರೆದುಕೊಂಡು ಬಂದರೆ ಅವನನ್ನು ಸುಳ್ಳುಗಾರ ಎನ್ನಲಾಗದು. ಆ ಒಂದು ಷರಾದ ಬಲದ ಮೇಲೆ ಅಲ್ಲಿ ಗುಂಡಿ ತೋಡಿ ಸಸಿ ನೆಟ್ಟರೆ, ರೆಸಾರ್ಟಿಗೆ ನೆಲ ಸಮ ಮಾಡಿದರೆ, ಬೇಸಿಗೆಯಲ್ಲಿ ಒಣಕಡ್ಡಿಗೆ ಕಿಡಿ ತಗುಲಿದರೆ, ಹನ್ನೆರಡು ವರ್ಷ ಕಳೆಯುವವರೆಗೆ ಏನು ಹೋಯಿತೆಂಬುದೇ ಯಾರಿಗೂ ತಿಳಿಯುವುದಿಲ್ಲ. ಹೂವಿರುವಾಗ ಹೂ ಕೀಳುವವರನ್ನು ನಾವು ಬೈಯುತ್ತೇವೆ. ಬೈಯಬೇಕಾದ್ದೇ. ಆದರೆ ಕುರಿಂಜಿಗೆ ಹೆಚ್ಚಿನ ಕೇಡು ಆದದ್ದು ಹೂವಿಲ್ಲದ ವರ್ಷಗಳಲ್ಲಿ, ಕಡತಗಳಲ್ಲಿ.

ಹುಲ್ಲಿನ ಜೊತೆ ನೀರಿನ ಲೆಕ್ಕವೂ ಇದೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲದ ಸುತ್ತ ಇರುವುದು ಶೋಲಾ ಮತ್ತು ಹುಲ್ಲು. ಭವಾನಿ, ಪೈಕಾರ ಕೂಡ ಅಂಥದೇ ನೆಲದ ಮಕ್ಕಳು.

ಮೂರನೆಯದಾಗಿ ಜನ. ಇಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಕುರಿಂಜಿಯ ಬಗ್ಗೆ ಬರೆಯುವವರೆಲ್ಲ ಇಲ್ಲೇ ನಿಂತುಬಿಡುತ್ತಾರೆ.

ಸಂಗಂ ಕಾಲದ ತಮಿಳು ಕಾವ್ಯ ನೆಲವನ್ನು ಐದು ಬಗೆಯಾಗಿ ವಿಂಗಡಿಸಿ ಒಂದೊಂದಕ್ಕೂ ಒಂದು ಗಿಡದ ಹೆಸರಿಟ್ಟಿತು. ಮಲೆಸೀಮೆಗೆ ಕುರಿಂಜಿ. ಅಲ್ಲಿನ ದೇವರು ಮುರುಗ, ಅಲ್ಲಿನ ಭಾವ ಪ್ರೇಮಿಗಳ ಸಮಾಗಮ, ಅಲ್ಲಿನ ಹೊತ್ತು ನಡುರಾತ್ರಿ. ಕಪಿಲರ್ ಎಂಬ ಕವಿಯ ‘ಕುರಿಂಜಿಪ್ಪಾಟ್ಟು’ ತೊಂಬತ್ತೊಂಬತ್ತು ಹೂಗಳನ್ನು ಹೆಸರಿಸುತ್ತದೆ ಎಂಬುದು ಪ್ರಸಿದ್ಧ. ಸಸ್ಯಶಾಸ್ತ್ರ ಹೇಳಿಕೊಡುವವನಿಗೆ ಆ ಪಟ್ಟಿ ನೋಡಿದರೆ ಹೊಟ್ಟೆಕಿಚ್ಚು ಬರುತ್ತದೆ. ನಮ್ಮ ಪದವಿ ತರಗತಿಯವರಿಗೆ ಸುತ್ತಲಿನ ಇಪ್ಪತ್ತು ಕಾಡುಹೂಗಳ ಹೆಸರು ಹೇಳಿ ಎಂದರೆ ಫೋನು ತೆಗೆಯುತ್ತಾರೆ! ಕೊಡೈಕೆನಾಲಿನಲ್ಲಿ ಮುರುಗನಿಗೆ ಕುರಿಂಜಿ ಆಂಡವರ್ ಎಂಬ ಹೆಸರಿನಲ್ಲೇ ಗುಡಿ ಇದೆ, 1936ರಲ್ಲಿ ಕಟ್ಟಿದ್ದು.

ನಮ್ಮ ಕಡೆ ಸಂಡೂರಿನ ಬೆಟ್ಟಗಳಲ್ಲೂ ಕುರಿಂಜಿ ಅರಳಿದ ವರದಿಗಳಿವೆ. ಪಶ್ಚಿಮಘಟ್ಟದಿಂದ ಅಷ್ಟು ದೂರ, ಬಯಲುಸೀಮೆಯ ನಡುವೆ ಎದ್ದ ಆ ಬೆಟ್ಟಸಾಲಿನ ಮೇಲೆ ಕುಮಾರಸ್ವಾಮಿಯ, ಎಂದರೆ ಮುರುಗನ, ಪ್ರಾಚೀನ ದೇವಾಲಯವಿದೆ. ಅದೇ ದೇವರು, ಅದೇ ಬಗೆಯ ಹೂ. ಕಬ್ಬಿಣದ ಅದಿರಿಗಾಗಿ ಆ ಬೆಟ್ಟಗಳ ಮೈ ಬಗೆದದ್ದನ್ನು ನೀವು ಪತ್ರಿಕೆಗಳಲ್ಲಿ ಓದಿದ್ದೀರಿ.

ಕಾವ್ಯಕ್ಕಿಂತ ನನಗೆ ಹೆಚ್ಚು ಹಿಡಿಸುವುದು ಲೆಕ್ಕ. ಪಳನಿ ಬೆಟ್ಟಗಳ ಪಳಿಯ ಬುಡಕಟ್ಟಿನವರು ತಮ್ಮ ವಯಸ್ಸನ್ನು ಕುರಿಂಜಿ ಅರಳಿದ್ದರಿಂದ ಎಣಿಸುತ್ತಿದ್ದರು ಎಂದು ದಾಖಲಾಗಿದೆ. ನಾಲ್ಕು ಕುರಿಂಜಿ ಕಂಡವನು ಎಂದರೆ ಐವತ್ತರ ಆಸುಪಾಸು. ಜನನ ಪ್ರಮಾಣಪತ್ರ ಇಲ್ಲದ ಕಾಲಕ್ಕೆ ಇದಕ್ಕಿಂತ ನಂಬಿಗಸ್ತ ದಾಖಲೆ ಬೇಕೆ? ಹೀಗೆ ಎಣಿಸುವವರಿಗೆ ಹೂವಿಲ್ಲದ ವರ್ಷವೂ ಲೆಕ್ಕಕ್ಕೆ ಸೇರಿದ ವರ್ಷವೇ. ಅರಳಿದ ಋತುವಿನಲ್ಲಿ ಜೇನು ಹೆಚ್ಚು, ಆ ಜೇನಿಗೆ ಬೇಡಿಕೆಯೂ ಹೆಚ್ಚು ಎಂಬುದು ಈ ಬೆಟ್ಟಗಳ ಜೇನು ಕೀಳುವವರು ಇಂದಿಗೂ ಹೇಳುವ ಮಾತು.

ಕೊನೆಯ ಭಾಗ: ಕಾನೂನು ಮತ್ತು ಜನಜಂಗುಳಿ.

ಕೇರಳದ ಇರವಿಕುಳಂ ಒಂದು ಕಾಲಕ್ಕೆ ಚಹಾ ತೋಟದ ಬಿಳಿಯರು ಬೇಟೆಗೆ ಇಟ್ಟುಕೊಂಡಿದ್ದ ಹುಲ್ಲುಗಾವಲು. ಬೇಟೆಗಾಗಿಯೇ ಆದರೂ ಅದನ್ನು ಉಳದೆ, ನೆಡದೆ ಬಿಟ್ಟರು. 1975ರಲ್ಲಿ ಅಭಯಾರಣ್ಯ, 1978ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸುಮಾರು 97 ಚದರ ಕಿಲೋಮೀಟರಿನ ಈ ನೆಲದಲ್ಲಿ ಇಂದು ನೀಲಗಿರಿ ಥಾರ್ ಎಂಬ ಕಾಡುಮೇಕೆಯೂ ಕುರಿಂಜಿಯೂ ಒಟ್ಟಿಗೆ ಉಳಿದಿವೆ. ಬೇಟೆಗಾರನ ಸ್ವಾರ್ಥ ಉಳಿಸಿದ್ದನ್ನು ಮರ ನೆಡುವವನ ಸದುದ್ದೇಶ ಬೇರೆಡೆ ಕಳೆಯಿತು ಎಂದರೆ ಒರಟಾಗಿ ಕೇಳಿಸಬಹುದು, ಆದರೆ ನಡೆದದ್ದು ಹಾಗೆಯೇ. 2006ರಲ್ಲಿ ಕೇರಳ ಸರ್ಕಾರ ವಟ್ಟವಡ, ಕೊಟ್ಟಕಾಂಬೂರು ಕಡೆಯ ಸುಮಾರು 3,200 ಹೆಕ್ಟೇರನ್ನು ಕುರಿಂಜಿಮಲ ಅಭಯಾರಣ್ಯವೆಂದು ಘೋಷಿಸಿತು. ಒಂದು ಹೂಗಿಡದ ಹೆಸರಿನಲ್ಲಿ ಅಭಯಾರಣ್ಯ! ಕೇಳಲು ಚೆನ್ನಾಗಿದೆ. ಆದರೆ ಅದರೊಳಗೆ ಜನರ ಪಟ್ಟಾ ಭೂಮಿಗಳಿದ್ದವು, ನೀಲಗಿರಿ ತೋಪುಗಳಿದ್ದವು. ಗಡಿಯ ತಕರಾರು ವರ್ಷಗಟ್ಟಲೆ ನಡೆಯಿತು. ಹೂವಿನ ವರ್ಷದ ಉತ್ಸಾಹದಲ್ಲಿ ಘೋಷಿಸಿದ್ದನ್ನು ಹೂವಿಲ್ಲದ ವರ್ಷಗಳಲ್ಲಿ ಅಳೆದು ಮುಗಿಸುವುದು ಬೇರೆಯದೇ ಕೆಲಸ.

ತಿದ್ದುಪಡಿಯಾದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿ ಈಗ ನೀಲಕುರಿಂಜಿಯ ಹೆಸರಿದೆ. ಅರಣ್ಯದಿಂದ ಅದನ್ನು ಕೀಳುವುದು, ಮಾರುವುದು ಶಿಕ್ಷಾರ್ಹ ಅಪರಾಧ. 2024ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪುಪಟ್ಟಿಯೂ ಇದನ್ನು ಅಪಾಯಕ್ಕೆ ಈಡಾಗಬಲ್ಲ ಪ್ರಭೇದ ಎಂದು ಗುರುತಿಸಿತು. ಕಾಯ್ದೆ ಗಿಡವನ್ನು ಕಾಯುತ್ತದೆ. ಕಂದಾಯ ದಾಖಲೆಯಲ್ಲಿ ಇನ್ನೂ ಬಂಜರು ಎಂದೇ ಇರುವ ಹುಲ್ಲುಗಾವಲನ್ನು ಯಾವ ಅನುಸೂಚಿ ಕಾಯಬೇಕು? ಕಾನೂನು ವಿಭಾಗದ ಮಿತ್ರರು ಈ ಸಭೆಯಲ್ಲಿದ್ದಾರೆ. ಈ ಪ್ರಶ್ನೆಯನ್ನು ಅವರಿಗೆ ಬಿಡುತ್ತೇನೆ.

ಜನಜಂಗುಳಿಯ ಬಗ್ಗೆ ಎರಡೇ ಮಾತು. 2018ರ ಆಗಸ್ಟಿನಲ್ಲಿ ಕೇರಳದ ಮಹಾಮಳೆಗೆ ಮೂನಾರಿನ ರಸ್ತೆಗಳು ಕುಸಿದವು. ಕಾದಿದ್ದ ಪ್ರವಾಸಿಗಳಲ್ಲಿ ಬಹಳ ಮಂದಿ ಬರಲಾಗಲಿಲ್ಲ. ಜನಕ್ಕೆ ಅದು ದೊಡ್ಡ ದುರಂತ, ಹೂವಿಗೆ ಮಾತ್ರ ಸ್ವಲ್ಪ ಬಿಡುವು. 2022ರಲ್ಲಿ ಚಿಕ್ಕಮಗಳೂರಿನ ಗಿರಿಶ್ರೇಣಿಗೆ ಹೋದವರು ದಟ್ಟಣೆ ಹೇಗಿತ್ತೆಂದು ಹೇಳಬಲ್ಲರು. ನೋಡಲು ಹೋಗಬೇಡಿ ಎಂದು ನಾನು ಹೇಳಲಾರೆ. ನೋಡದ ನೆಲವನ್ನು ಯಾರೂ ಉಳಿಸುವುದಿಲ್ಲ. ರಸ್ತೆ ಬಿಟ್ಟು ಇಳಿಜಾರಿಗೆ ಕಾಲಿಡಬೇಡಿ, ರೀಲ್ಸಿಗಾಗಿ ಹೂವಿನ ನಡುವೆ ಮಲಗಬೇಡಿ. ತುಳಿದ ಗಿಡಕ್ಕೆ ಮರುವರ್ಷ ಎಂಬುದೇ ಇಲ್ಲ.

ಮೂನಾರ್ ಕಡೆಯ ಲೆಕ್ಕದ ಪ್ರಕಾರ ಮುಂದಿನ ಹೂಕಾಲ 2030. ಆಗ ಎಲ್ಲ ಕ್ಯಾಮೆರಾಗಳೂ ಅಲ್ಲಿರುತ್ತವೆ, ನಾವು ಹೋಗದಿದ್ದರೂ ನಡೆಯುತ್ತದೆ. ಈ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ನನ್ನ ಒಂದು ಕೋರಿಕೆ ಇದೆ, ಅದಕ್ಕೆ 2030ರವರೆಗೆ ಕಾಯಬೇಕಿಲ್ಲ. ನಮ್ಮ ಜಿಲ್ಲೆಯ ಯಾವ ಯಾವ ಗುಡ್ಡದಲ್ಲಿ ಯಾವ ಗುರಿಗೆ ಇದೆ, ಎಷ್ಟು ಎತ್ತರದಲ್ಲಿ, ಹುಲ್ಲಿನ ನಡುವೆಯೋ ಕಾಡಿನ ಅಂಚಿನಲ್ಲೋ, ಈಗ ಗಿಡ ಎಷ್ಟು ಅಡಿ, ಹಿಂದೆ ಅರಳಿದ್ದನ್ನು ಅಲ್ಲಿನ ಹಿರಿಯರು ಯಾವ ವರ್ಷ ಕಂಡರು, ಇದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಹೂವಿನ ಫೋಟೊ ಇದ್ದರೆ ಸಾಲದು. ಎಲೆಯ ಎರಡೂ ಮೈ, ಅದರ ತೊಟ್ಟು, ಮೊಗ್ಗಿನ ಗೊಂಚಲಿನ ಬುಡ ಕಾಣುವ ಹಾಗೆ ತೆಗೆಯಿರಿ. ಜಾಗದ ಸರ್ವೆ ನಂಬರನ್ನೂ ಬರೆಯಿರಿ. ಸಸ್ಯಶಾಸ್ತ್ರದ ಹಾಳೆಯಲ್ಲಿ ಸರ್ವೆ ನಂಬರು ಏಕೆ ಎಂದು ಕೇಳಬಹುದು. ಮುಂದೆ ಯಾವಾಗಲಾದರೂ ಆ ಗುಡ್ಡವನ್ನು ಬಂಜರು ಎಂದು ಯಾರಿಗಾದರೂ ಮಂಜೂರು ಮಾಡಲು ಹೊರಟರೆ ಆಕ್ಷೇಪಣೆ ಸಲ್ಲಿಸಲು ಬೇಕಾಗುವುದು ಅದೇ. ಇಂದು ಮೊದಲ ವರ್ಷದ ಪದವಿಯಲ್ಲಿರುವವರು ಈ ಪುಸ್ತಕ ಶುರು ಮಾಡಿದರೆ ಮುಂದಿನ ತಂಡಗಳು ವರ್ಷಕ್ಕೊಂದು ಪುಟ ಸೇರಿಸಿಕೊಂಡು ಹೋಗಬಹುದು. ಮೊದಲ ಪುಟಕ್ಕೆ ಬೇಕಾದ ನಮೂನೆಯೊಂದನ್ನು ಸಿದ್ಧಪಡಿಸಿ ತಂದಿದ್ದೇನೆ, ಅಧ್ಯಕ್ಷರ ಅನುಮತಿಯೊಂದಿಗೆ ಅದನ್ನು ವಿಭಾಗದ ಮುಖ್ಯಸ್ಥರಿಗೆ ಕೊಡುತ್ತೇನೆ.

ಪ್ರಶ್ನೆಗಳಿಗೆ ಇನ್ನೂ ಸ್ವಲ್ಪ ಸಮಯವಿದೆ ಎಂದು ಸಂಘಟಕರು ಸನ್ನೆ ಮಾಡುತ್ತಿದ್ದಾರೆ.